'ಪಾತಾಳ ಭೈರವಿ'ಯ ಒಳ್ಳೆ ಪ್ರಿಂಟ್ ತೋರಿಸಿ: ಪುಣೆಯ ಫಿಲ್ಮ್ ಆರ್ಕೈವ್‌ಗೆ ಒಂದು ಬಹಿರಂಗ ಪತ್ರ

ಇವರಿಗೆ,
ಅಧಿಕಾರಿಗಳು,
ಎನ್‌ಎಫ್‌ಡಿಸಿ – ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ, ಪುಣೆ

ಮಾನ್ಯರೇ,

ಸುತ್ತಿ ಬಳಸಿ ಹೇಳುವುದಿಲ್ಲ. 1951ರ ಮಾರ್ಚ್ 15ರಂದು ತೆರೆಗೆ ಬಂದ ತೆಲುಗಿನ 'ಪಾತಾಳ ಭೈರವಿ'ಯನ್ನು ಅದರ ಮೂಲ ನೆಗೆಟಿವ್‌ನಿಂದ ಪುನಶ್ಚೇತನ ಮಾಡಿಸಿ. ನೆಗೆಟಿವ್ ಹಾಳಾಗಿದ್ದರೆ ಅದಕ್ಕೆ ತೀರಾ ಹತ್ತಿರದ ಪ್ರತಿಯಿಂದ ಮಾಡಿಸಿ. ಕಪ್ಪು ಬಿಳುಪಿನಲ್ಲೇ ಮಾಡಿಸಿ. ಆಮೇಲೆ ಯಾವುದೋ ಚಿತ್ರೋತ್ಸವದಲ್ಲಿ ಒಂದು ಸಲ ತೋರಿಸಿ ಒಳಗಿಟ್ಟುಬಿಡಬೇಡಿ, ನಮ್ಮಂಥ ಊರುಗಳ ಥಿಯೇಟರಿಗೂ ಕಳಿಸಿ.

ಕನ್ನಡದವನಿಗೆ ತೆಲುಗು ಸಿನಿಮಾದ ಉಸಾಬರಿ ಯಾಕೆ ಅಂತ ಕೇಳಬಹುದು. ನಾನು ಪಾವಗಡದವನು. ತುಮಕೂರು ಜಿಲ್ಲೆಯ ಈ ತಾಲ್ಲೂಕನ್ನು ನಕ್ಷೆಯಲ್ಲಿ ನೋಡಿ, ಸುತ್ತ ಬಹುಪಾಲು ಆಂಧ್ರವೇ. ಇಲ್ಲಿ ಮನೆಯಲ್ಲಿ ಒಂದು ಭಾಷೆ, ಸಂತೆಯಲ್ಲಿ ಇನ್ನೊಂದು. ರಾಜಕುಮಾರ್ ಸಿನಿಮಾ ನೋಡಿದವರೇ ಮರುವಾರ ಎನ್.ಟಿ. ರಾಮರಾವ್ ಸಿನಿಮಾಕ್ಕೂ ಹೋಗುತ್ತಿದ್ದರು. ಯಾವುದು ನಮ್ಮದು, ಯಾವುದು ಅವರದು ಅಂತ ಲೆಕ್ಕ ಹಾಕಿದವರನ್ನು ನಾನಂತೂ ಕಂಡಿಲ್ಲ. ಈ ಚಿತ್ರದ ನಿರ್ದೇಶಕ ಕೆ.ವಿ. ರೆಡ್ಡಿ ನಮಗೆ ಪಕ್ಕದ ಅನಂತಪುರ ಜಿಲ್ಲೆಯವರು, ತಾಡಿಪತ್ರಿ ಕಡೆಯವರು.

ಇನ್ನೊಂದು ನಂಟು ಕರ್ನಾಟಕದ ಉದ್ದಗಲಕ್ಕೂ ಇದೆ. ವಿಜಯಾ ಪ್ರೊಡಕ್ಷನ್ಸ್ ಹೆಸರಲ್ಲಿ ಈ ಚಿತ್ರ ಮಾಡಿದವರು ನಾಗಿರೆಡ್ಡಿ ಮತ್ತು ಚಕ್ರಪಾಣಿ. ಅಂದರೆ 'ಚಂದಮಾಮ'ದವರು! ಕನ್ನಡ ಚಂದಮಾಮ 1949ರಲ್ಲೇ ಶುರುವಾಗಿತ್ತು. ಅದನ್ನು ಓದಿ ಬೆಳೆದವರಿಗೆ ಈ ಸಿನಿಮಾದ ಲೋಕ ಹೊಸದೇನಲ್ಲ. ಗುಹೆ, ಗಡ್ಡದ ಮಂತ್ರವಾದಿ, ಕೈಯಲ್ಲಿ ಕಾಸಿಲ್ಲದಿದ್ದರೂ ಎದೆಗಾರಿಕೆ ಇರುವ ಹುಡುಗ, ಮಗಳನ್ನು ಕೊಡಲು ಷರತ್ತು ಹಾಕುವ ರಾಜ. ಆಮೇಲೆ ಈ ಬಗೆಯ ಚಿತ್ರಗಳನ್ನೇ ಸಾಲುಸಾಲಾಗಿ ತೆಗೆದು ತೆಲುಗರ 'ಜಾನಪದ ಬ್ರಹ್ಮ' ಅನ್ನಿಸಿಕೊಂಡ ಬಿ. ವಿಠಲಾಚಾರ್ಯ ಯಾರು? ಉಡುಪಿ ಕಡೆಯವರು. ಡಿ. ಶಂಕರ್‌ಸಿಂಗ್ ಜೊತೆ ಮಹಾತ್ಮ ಪಿಕ್ಚರ್ಸ್‌ನಲ್ಲಿ ಕನ್ನಡ ಸಿನಿಮಾ ಮಾಡಿ ಕೈ ಪಳಗಿಸಿಕೊಂಡು ಅತ್ತ ಹೋದವರು. ಹಾಗಾಗಿ ಈ ಪತ್ರ ಕನ್ನಡದಲ್ಲಿ ಬಂತು ಅಂತ ಬೇಜಾರು ಮಾಡಿಕೊಳ್ಳಬೇಡಿ.

ಚಿತ್ರ ನೋಡಿಲ್ಲದವರೂ ಇದನ್ನು ಓದುತ್ತಾರಲ್ಲ, ಅವರಿಗಾಗಿ ಕಥೆ ಹೇಳಿಬಿಡುತ್ತೇನೆ. ಉಜ್ಜಯಿನಿಯ ತೋಟದ ಹುಡುಗ ರಾಮುಡು. ರಾಜಕುಮಾರಿ ಇಂದುಮತಿಯ ಮೇಲೆ ಅವನಿಗೆ ಮನಸ್ಸು. ಅರಮನೆಗೆ ನುಗ್ಗಿ ಸಿಕ್ಕಿಬೀಳುತ್ತಾನೆ. ನನ್ನಷ್ಟೇ ಸಿರಿವಂತನಾಗಿ ಬಾ, ಮಗಳನ್ನು ಕೊಡುತ್ತೇನೆ ಅನ್ನುತ್ತಾನೆ ರಾಜ. ಇತ್ತ ನೇಪಾಳದ ಮಾಂತ್ರಿಕನಿಗೆ ಒಬ್ಬ ಸಾಹಸಿ ಹುಡುಗ ಬೇಕಾಗಿದೆ. ಅವನನ್ನು ಬಲಿ ಕೊಟ್ಟರೆ ಪಾತಾಳ ಭೈರವಿಯ ವಿಗ್ರಹ ಸಿಗುತ್ತದೆ, ವಿಗ್ರಹ ಸಿಕ್ಕರೆ ಕೇಳಿದ್ದೆಲ್ಲ ಸಿಗುತ್ತದೆ. ದುಡ್ಡಿನ ಆಸೆ ತೋರಿಸಿ ರಾಮುಡುವನ್ನು ಗುಹೆಗೆ ಕರೆದುಕೊಂಡು ಹೋಗುತ್ತಾನೆ. ಬಲಿಗೆ ಮುಂಚೆ ಸ್ನಾನಕ್ಕೆ ಇಳಿದಾಗ ಮೊಸಳೆ ಮೇಲೆ ಬೀಳುತ್ತದೆ. ರಾಮುಡು ಅದನ್ನು ಕೊಲ್ಲುತ್ತಾನೆ. ಶಾಪ ಕಳೆದು ಮೊಸಳೆ ಹೆಣ್ಣಾಗಿ ನಿಂತು ಮಾಂತ್ರಿಕನ ಹುನ್ನಾರ ಬಿಚ್ಚಿಡುತ್ತಾಳೆ. ಬಲಿ ಕೊಡಲು ಬಂದವನೇ ಬಲಿಯಾಗುತ್ತಾನೆ. ಅಲ್ಲಿಗೆ ಮುಗಿಯುವುದಿಲ್ಲ. ಶಿಷ್ಯ ಸದಾಜಪ ಸಂಜೀವಿನಿಯಿಂದ ಗುರುವನ್ನು ಬದುಕಿಸುತ್ತಾನೆ, ವಿಗ್ರಹ ಕೈ ಬದಲಾಗುತ್ತದೆ, ಅರಮನೆ ಸಮೇತ ರಾಜಕುಮಾರಿ ಮಾಯವಾಗುತ್ತಾಳೆ. ಮಧಿರ ಸುಬ್ಬನ್ನ ದೀಕ್ಷಿತರ 'ಕಾಶೀ ಮಜಿಲೀ ಕಥೆಗಳು' ಇದರ ಮೂಲ. ಅಲ್ಲಾವುದ್ದೀನನ ದೀಪದ ನೆರಳೂ ಇದೆ, ಅದನ್ನು ಮುಚ್ಚಿಡುವುದೇನೂ ಬೇಡ.

ರಾಮರಾವ್ ಅವರನ್ನು ದೊಡ್ಡ ಸ್ಟಾರ್ ಮಾಡಿದ್ದು ಈ ಚಿತ್ರ. ಮೊದಲ ಸಿನಿಮಾ ಬಂದು ಎರಡು ವರ್ಷವೂ ತುಂಬಿರಲಿಲ್ಲ. ಆದರೆ ನನ್ನ ಕೇಳಿದರೆ ಸಿನಿಮಾ ಎಸ್.ವಿ. ರಂಗರಾವ್ ಅವರದು. ಆಗ ಅವರಿಗಿನ್ನೂ 33 ತುಂಬಿರಲಿಲ್ಲ. ಮಾಂತ್ರಿಕನಾಗಿ ನಿಂತರೆ ಮುನ್ನೂರು ವರ್ಷ ಬದುಕಿದವನ ಹಾಗೆ ಕಾಣುತ್ತಾರೆ. ಕೂಗಾಡುವುದಿಲ್ಲ. 'ಡಿಂಭಕಾ' ಅಂತ ಎಳೆದು ಕರೆಯುವಾಗ ಅದರಲ್ಲಿ ಪ್ರೀತಿಯೂ ಇದೆ, ಕತ್ತಿಯೂ ಇದೆ. ಮಾತಿನ ನಡುವೆ ಒಂದು ಚೂರು ನಿಲ್ಲಿಸಿ ಕಣ್ಣು ಹೊರಳಿಸುತ್ತಾರೆ. ಈಗ ಸಿಗುವ ಮಸುಕು ಪ್ರತಿಗಳಲ್ಲಿ ಆ ಕಣ್ಣೇ ಕಾಣುವುದಿಲ್ಲ, ಎರಡು ಕಪ್ಪು ಗುಳಿ ಮಾತ್ರ. ಅರ್ಧ ಅಭಿನಯ ಅಲ್ಲೇ ಹೋಯಿತು.

ನಾನು ಜಗಳ ಮಾಡಲು ಬಂದಿರುವುದು ಇದಕ್ಕೇ. ಹಳೆಯ ಸಾಮಾಜಿಕ ಚಿತ್ರದ ಪ್ರಿಂಟ್ ಕೆಟ್ಟರೂ ಸಂಭಾಷಣೆ ಉಳಿಯುತ್ತದೆ, ಹಾಡು ಉಳಿಯುತ್ತದೆ, ಕಥೆ ತಿಳಿಯುತ್ತದೆ. ಮಾಯಾ ಚಿತ್ರದ ಕಥೆ ಬೇರೆ. ಅಲ್ಲಿ ನಂಬಿಕೆ ಹುಟ್ಟುವುದೇ ಕಣ್ಣಿನಿಂದ. ವಿಗ್ರಹದಿಂದ ದೇವಿ ಹೊರಬರಬೇಕು, ಇದ್ದ ಅರಮನೆ ಇಲ್ಲದಂತಾಗಬೇಕು. ಇದನ್ನೆಲ್ಲ ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಮದ್ರಾಸಿನ ವಡಪಳನಿಯ ವಾಹಿನಿ ಸ್ಟುಡಿಯೋದಲ್ಲಿ ಕ್ಯಾಮೆರಾ, ಬೆಳಕು, ಸೆಟ್ಟು ಮತ್ತು ತಾಳ್ಮೆಯಿಂದ ಮಾಡಿದರು. ಛಾಯಾಗ್ರಾಹಕ ಮಾರ್ಕಸ್ ಬಾರ್ಟ್ಲಿ. ಮುಂದೆ 'ಮಾಯಾಬಜಾರ್' ಮತ್ತು ಮಲಯಾಳಂನ 'ಚೆಮ್ಮೀನ್' ತೆಗೆದವರೂ ಅವರೇ. ಕಲಾ ನಿರ್ದೇಶನ ಗೋಖಲೆ ಮತ್ತು ಕಲಾಧರ್ ಅವರದು.

ಆ ಕಾಲದ ಟ್ರಿಕ್ ಶಾಟ್ ಹೇಗೆ ಮಾಡುತ್ತಿದ್ದರು ಅಂತ ನಿಮಗೆ ಹೇಳಿಕೊಡಬೇಕಿಲ್ಲ. ಓದುಗರಿಗಾಗಿ ಬರೆಯುತ್ತೇನೆ. ಒಬ್ಬ ಮಾಯವಾಗಬೇಕೆಂದರೆ ಕ್ಯಾಮೆರಾ ಅಲ್ಲಾಡದಂತೆ ಕಟ್ಟಿ ನಿಲ್ಲಿಸಿ, ಉಳಿದವರು ನಿಂತಲ್ಲೇ ಕಲ್ಲಾಗಬೇಕು. ಮಾಯವಾಗುವವನು ಸೆಟ್ಟಿನಿಂದ ಇಳಿದು ಹೋದ ಮೇಲೆ ಮತ್ತೆ ಕ್ಯಾಮೆರಾ ಶುರು. ಒಬ್ಬರ ಉಸಿರು ಜೋರಾದರೂ ಪರದೆಯ ಮೇಲೆ ಜಿಗಿತ ಕಾಣುತ್ತದೆ. ಒಬ್ಬರು ಗುಬ್ಬಿಯಷ್ಟು, ಇನ್ನೊಬ್ಬರು ದೈತ್ಯರಷ್ಟು ಕಾಣುವಂತೆ ಒಂದೇ ಚೌಕಟ್ಟಿನಲ್ಲಿ ಬರಬೇಕೆಂದರೆ ಲೆನ್ಸಿನ ಒಂದು ಭಾಗವನ್ನು ಕಪ್ಪು ರಟ್ಟಿನಿಂದ ಮುಚ್ಚಿ ಚಿತ್ರೀಕರಣ. ಆಮೇಲೆ ಅದೇ ಫಿಲ್ಮನ್ನು ಕತ್ತಲಲ್ಲಿ ಹಿಂದಕ್ಕೆ ಸುತ್ತಿ, ಇನ್ನೊಂದು ಭಾಗ ಮುಚ್ಚಿ ಮತ್ತೊಮ್ಮೆ ಚಿತ್ರೀಕರಣ. ಎಣಿಕೆ ತಪ್ಪಿದರೆ ಎರಡೂ ಹೋಯಿತು. ಇವತ್ತು ತೆಗೆದದ್ದು ಸರಿ ಬಂತೋ ಇಲ್ಲವೋ ಅಂತ ಲ್ಯಾಬಿನಿಂದ ಫಿಲ್ಮ್ ತೊಳೆದು ಬರುವವರೆಗೂ ಗೊತ್ತಿಲ್ಲ. ಕೆಲವನ್ನು ಲ್ಯಾಬಿನಲ್ಲೇ ಎರಡು ಚಿತ್ರ ಸೇರಿಸಿ ಮಾಡುತ್ತಿದ್ದರು. ಅಂಥ ಶಾಟ್ ಹುಟ್ಟುವಾಗಲೇ ಪಕ್ಕದ ಶಾಟಿಗಿಂತ ಒಂದು ತಲೆಮಾರು ಹಿಂದೆ. ಅದರ ಮೇಲೆ ಪ್ರಿಂಟಿನಿಂದ ಪ್ರಿಂಟ್, ಆ ಪ್ರಿಂಟಿನಿಂದ ವಿಡಿಯೋ, ವಿಡಿಯೋದಿಂದ ಇನ್ನೊಂದು ವಿಡಿಯೋ. ಜೆರಾಕ್ಸಿನ ಜೆರಾಕ್ಸ್ ತೆಗೆದ ಹಾಗೆ. ಮೊದಲು ಸಾಯುವುದೇ ಟ್ರಿಕ್ ಶಾಟು.

ಪರಿಣಾಮ ಏನು ಗೊತ್ತಾ? ನನ್ನ ಅಕ್ಕನ ಮಗಳಿಗೆ ಒಂಬತ್ತು ವರ್ಷ. ಮೊಬೈಲಿನಲ್ಲಿ ಈ ಚಿತ್ರ ಹಾಕಿ ಕೊಟ್ಟೆ. ಮಾಂತ್ರಿಕನನ್ನು ಕಂಡು ಕಣ್ಣರಳಿಸಿದಳು. ತೋಟರಾಮುಡುವಿನ ಗೆಳೆಯ ಅಂಜಿಯ ಚೇಷ್ಟೆಗೆ ನಕ್ಕಳು, ಆ ಪಾತ್ರ ಮಾಡಿದ ಬಾಲಕೃಷ್ಣ ಈಗಲೂ ಮಕ್ಕಳಿಗೆ ಬೇಗ ಹಿಡಿಸುತ್ತಾರೆ. ಗುಹೆ ಬಂತು. ಫೋನನ್ನು ಮುಖದ ಹತ್ತಿರ ತಂದಳು, ಬೆಳಕು ಜಾಸ್ತಿ ಮಾಡಿದಳು, ಓರೆ ಹಿಡಿದು ನೋಡಿದಳು. 'ಮಾವ, ಏನೂ ಕಾಣ್ತಿಲ್ಲ, ಬರೀ ಬೂದಿ ಬೂದಿ' ಅಂದಳು. ಮುಂದೆ ದೇವಿ ಪ್ರತ್ಯಕ್ಷಳಾಗುವ ಕಡೆ ಚಿತ್ರ ಕಲಸಿಹೋಗಿತ್ತು. ಅಲ್ಲಿ ಹುಡುಗಿ ನಕ್ಕಳು. ಅವಳ ತಪ್ಪೇನಿದೆ? ಬಾರ್ಟ್ಲಿ ಅವರ ಕೆಲಸ ನೋಡಿ ಅವಳು ನಗಲಿಲ್ಲ. ಅವರ ಕೆಲಸ ಅವಳವರೆಗೆ ಬಂದೇ ಇಲ್ಲ.

'ಹಳೇ ಸಿನಿಮಾ ಅಲ್ವಾ, ಆ ಕಾಲಕ್ಕೆ ಅಷ್ಟೇ' ಅಂತ ಜನ ಸುಮ್ನೆ ಹೇಳಿಬಿಡುತ್ತಾರೆ. ಇದು ಕೇಳಿದರೆ ನನಗೆ ಮೈ ಉರಿಯುತ್ತದೆ. ಆ ಕಾಲಕ್ಕೆ ಅದು ಹಾಗಿರಲಿಲ್ಲ. ತೆಲುಗಿನಲ್ಲಿ 200 ದಿನ ಓಡಿದ ಚಿತ್ರ ಇದು. ತಮಿಳಿನಲ್ಲೂ ಬಂತು, ಮುಂದಿನ ವರ್ಷ ಜೆಮಿನಿ ಸಂಸ್ಥೆಯ ಮೂಲಕ ಹಿಂದಿಗೂ ಹೋಯಿತು. 1952ರಲ್ಲಿ ದೇಶದ ಮೊಟ್ಟಮೊದಲ ಅಂತರರಾಷ್ಟ್ರೀಯ ಚಿತ್ರೋತ್ಸವ ನಡೆದಾಗ ಅಲ್ಲಿ ತೋರಿಸಿದ ಚಿತ್ರಗಳಲ್ಲಿ ಇದೂ ಇತ್ತು. ಅಂದರೆ ಸರ್ಕಾರವೇ ಹೊರದೇಶದವರ ಮುಂದೆ ಇಟ್ಟು, ನೋಡಿ ನಮ್ಮವರ ಕೈಚಳಕ ಅಂದಿತ್ತು. ಅದೇ ಸರ್ಕಾರದ ಸಂಸ್ಥೆಗೆ ನಾನೀಗ ಬರೆಯುತ್ತಿದ್ದೇನೆ.

ಹಣ ಇಲ್ಲ ಅನ್ನುವಂತಿಲ್ಲ. 2022ರ ಮೇ ತಿಂಗಳಲ್ಲಿ ಸುಮಾರು 2,200 ಚಿತ್ರಗಳ ಪುನಶ್ಚೇತನಕ್ಕೆ 363 ಕೋಟಿ ರೂಪಾಯಿ ಘೋಷಣೆಯಾಯಿತು. ಕೆಲಸ ಬರುವುದಿಲ್ಲ ಅನ್ನುವಂತೆಯೂ ಇಲ್ಲ. ತೆಲುಗು ನಟ ಅಕ್ಕಿನೇನಿ ನಾಗೇಶ್ವರರಾವ್ ಅವರ ಶತಮಾನೋತ್ಸವಕ್ಕೆ 1953ರ 'ದೇವದಾಸು' ಸಿದ್ಧಮಾಡಿ 2024ರಲ್ಲಿ ಗೋವಾದ ಚಿತ್ರೋತ್ಸವದಲ್ಲಿ ತೋರಿಸಿದವರು ನೀವೇ. ಅದೇ ವರ್ಷ ನಮ್ಮ ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ' ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮುಂತಾದವರ ಕೈಯಲ್ಲಿ ಹೊಸ ಹುಟ್ಟು ಪಡೆದು ವೆನಿಸ್ ಚಿತ್ರೋತ್ಸವಕ್ಕೆ ಹೋಯಿತು. ತುಂಬ ಖುಷಿಯಾಯಿತು. ಆದರೆ ಒಂದು ಅನುಮಾನ ನನ್ನನ್ನು ಬಿಡುತ್ತಿಲ್ಲ. ಪ್ರಶಸ್ತಿ ಬಂದ ಚಿತ್ರ, ಕಣ್ಣೀರು ತರಿಸುವ ಚಿತ್ರ ಬೇಗ ಸಾಲಿನಲ್ಲಿ ನಿಲ್ಲುತ್ತವೆ. ರಾಜ, ಮಂತ್ರವಾದಿ, ಹಾರುವುದು, ಮಾಯವಾಗುವುದು ಅಂದರೆ ಮಕ್ಕಳಾಟ, ಆಮೇಲೆ ನೋಡೋಣ ಅನ್ನುವ ಧೋರಣೆ ಎಲ್ಲೋ ಇದೆ. ರಾಮರಾವ್ ಶತಮಾನೋತ್ಸವಕ್ಕೆ 2023ರಲ್ಲಿ 100 ರೂಪಾಯಿಯ ನಾಣ್ಯ ಬಂತು, ಸಂತೋಷ. ಅವರನ್ನು ಮನೆಮಾತು ಮಾಡಿದ ಚಿತ್ರ ಮಾತ್ರ ಜನರ ಕೈಗೆ ಬೂದಿ ಬೂದಿಯಾಗಿ ಸಿಗುತ್ತಿದೆ.

ಇನ್ನು ಕೆಲಸ ಹೇಗೆ ಮಾಡಬೇಕು ಅನ್ನುವುದು. ನಾನು ತಂತ್ರಜ್ಞನಲ್ಲ, ನೋಡುಗ. ಆದರೂ ನೋಡುಗನಾಗಿ ಕೆಲವು ಭಯ ಇದೆ.

ಮೊದಲ ಭಯ ಕಂಪ್ಯೂಟರಿನದು. ಗೀರು, ಧೂಳು ತೆಗೆಯುವ ಸಾಫ್ಟ್‌ವೇರ್ ಒಂದೇ ಫ್ರೇಮಿನಲ್ಲಿ ಹೊಳೆದು ಮಾಯವಾಗುವ ಚುಕ್ಕಿಯನ್ನು ಕೊಳೆ ಅಂತ ತಿಳಿಯುತ್ತದೆ. ಮನೆಯೊಳಗಿನ ಮಾತುಕತೆಯ ಚಿತ್ರವಾದರೆ ತೊಂದರೆ ಇಲ್ಲ. ಕಿಡಿ, ಹೊಗೆ, ಮಿಂಚು ತುಂಬಿದ ಚಿತ್ರದಲ್ಲಿ? ಮಾಂತ್ರಿಕನ ಕಿಡಿಯನ್ನೇ ಗುಡಿಸಿ ಹಾಕಿಬಿಡುತ್ತದೆ! ಫಿಲ್ಮಿನ ಮರಳು ಮರಳಾದ ಕಣವನ್ನೂ ನುಣ್ಣಗೆ ತೀಡಿ ರಂಗರಾವ್ ಅವರ ಮುಖವನ್ನು ಮೇಣದ ಗೊಂಬೆ ಮಾಡಿಬಿಡುತ್ತದೆ. ದಯವಿಟ್ಟು ಟ್ರಿಕ್ ಇರುವ ಭಾಗಗಳನ್ನು ಯಂತ್ರಕ್ಕೆ ಒಪ್ಪಿಸಬೇಡಿ. ಕೂತು, ಫ್ರೇಮ್ ಫ್ರೇಮ್ ನೋಡಿ ಮಾಡುವವರ ಕೈಗೆ ಕೊಡಿ.

ಎರಡನೆಯದು ಇದರ ತದ್ವಿರುದ್ಧ. ನೆಗೆಟಿವನ್ನು 4ಕೆಯಲ್ಲಿ, ಅಂದರೆ ತುಂಬ ಸೂಕ್ಷ್ಮವಾಗಿ, ಸ್ಕ್ಯಾನ್ ಮಾಡಿದರೆ 1951ರ ಪ್ರೇಕ್ಷಕ ಕಂಡೇ ಇರದಷ್ಟು ಕಾಣಲು ಶುರುವಾಗುತ್ತದೆ. ಎರಡು ಚಿತ್ರ ಕೂಡುವ ಕಡೆ ಗೆರೆ, ಸೆಟ್ಟಿನ ಪ್ಲಾಸ್ಟರು, ಅಂಟಿಸಿದ ಗಡ್ಡದ ಅಂಚು. ಆಗ ಯಾರೋ ಬಂದು ಗೆರೆ ಅಳಿಸೋಣ, ಹೊಸ ಮಿಂಚು ಹಾಕೋಣ ಅನ್ನುತ್ತಾರೆ. ಒಪ್ಪಬೇಡಿ. ಬೆಳಕನ್ನು ಆ ಕಾಲದ ಪ್ರಿಂಟಿನಷ್ಟೇ ಇಟ್ಟರೆ ಮುಚ್ಚಬೇಕಾದ್ದನ್ನು ನೆರಳೇ ಮುಚ್ಚುತ್ತದೆ. ಬಾರ್ಟ್ಲಿ ಆ ನೆರಳನ್ನು ಲೆಕ್ಕ ಹಾಕಿಯೇ ಇಟ್ಟಿರುತ್ತಾರೆ. ಅಷ್ಟಾಗಿಯೂ ಒಂದು ಗೆರೆ ಉಳಿದರೆ ಉಳಿಯಲಿ ಬಿಡಿ, ಅದು ಅವರ ಕೈಯ ಗುರುತು.

ಬಣ್ಣದ ಮಾತು ಬಂದೇ ಬರುತ್ತದೆ. 2010ರಲ್ಲಿ 'ಮಾಯಾಬಜಾರ್'ಗೆ ಬಣ್ಣ ಹಾಕಿ ಬಿಟ್ಟಾಗ ಜನ ಥಿಯೇಟರಿಗೆ ಬಂದರು, ಅದನ್ನು ಹಗುರಾಗಿ ಕಾಣುವುದಿಲ್ಲ. ಆದರೆ 'ಪಾತಾಳ ಭೈರವಿ'ಗೆ ಅದು ಬೇಡ. ರಾತ್ರಿಯ ದೃಶ್ಯ ನೋಡಿ. 'ಕಲವರಮಾಯೇ ಮದಿಲೋ' ಹಾಡಿನಲ್ಲಿ ಘಂಟಸಾಲ ಮತ್ತು ಪಿ. ಲೀಲಾ ಅವರ ದನಿ ಎಷ್ಟು ಮೆತ್ತಗಿದೆಯೋ ಬೆಳಕೂ ಅಷ್ಟೇ ಮೆತ್ತಗಿದೆ. ಸ್ಟುಡಿಯೋದ ದೀಪದಲ್ಲಿ ಬೆಳದಿಂಗಳು ಹುಟ್ಟಿಸುವುದರಲ್ಲಿ ಬಾರ್ಟ್ಲಿಗೆ ಸಾಟಿ ಇರಲಿಲ್ಲ ಅಂತ ದಕ್ಷಿಣದಲ್ಲಿ ಎಲ್ಲರೂ ಒಪ್ಪಿದ ಮಾತು. ಕಪ್ಪು, ಬಿಳಿ, ನಡುವಿನ ಬೂದು ಇಷ್ಟರಲ್ಲೇ ಅವರು ಅದನ್ನು ಕಟ್ಟಿದ್ದು. ಅದರ ಮೇಲೆ ನೀಲಿ ಬಳಿದರೆ ನೀಲಿ ಬಳಿದಂತೆ ಕಾಣುತ್ತದೆ.

ಒಂದು ಸಲಹೆಯೂ ಇದೆ. ತೆಲುಗು, ತಮಿಳು ಎರಡನ್ನೂ ಅದೇ ಸೆಟ್ಟುಗಳಲ್ಲಿ ಜೊತೆಜೊತೆಗೆ ತೆಗೆದರು. ಹಿಂದಿ ಆವೃತ್ತಿ ಬೇರೆ ಇದೆ. ತೆಲುಗಿನ ಯಾವುದಾದರೂ ರೀಲು ಕೆಟ್ಟಿದ್ದರೆ ಉಳಿದೆರಡರ ಡಬ್ಬಗಳನ್ನೂ ತೆಗೆಸಿ ನೋಡಿ. ಮಾತಿಲ್ಲದ ಮಾಯಾ ದೃಶ್ಯಕ್ಕೆ ಭಾಷೆಯ ಹಂಗಿಲ್ಲ. ಗುಹೆ, ಮೊಸಳೆ, ಅರಮನೆ ಮಾಯವಾಗುವುದು, ಇವುಗಳಲ್ಲಿ ಚೆನ್ನಾಗಿ ಉಳಿದ ತುಂಡು ಯಾವ ಭಾಷೆಯ ಡಬ್ಬದಲ್ಲಿದ್ದರೂ ಹೋಲಿಸಿ ನೋಡಬಹುದು. ಹಕ್ಕು ಯಾರ ಬಳಿ ಇದೆಯೋ ಅವರನ್ನು ಕೂರಿಸಿ ಮಾತಾಡುವ ಅಧಿಕಾರ ನಿಮಗಿದೆ, ನಮಗಿಲ್ಲ.

ಒಂದು ಲಾಭ ಹೇಳಿ ಮುಂದೆ ಹೋಗುತ್ತೇನೆ. ಈ ಚಿತ್ರದಲ್ಲಿ ಒಂದೇ ಒಂದು ನೃತ್ಯಕ್ಕೆ ಬಂದು ಹೋಗುವ ಹುಡುಗಿ ಸಾವಿತ್ರಿ. ಆರು ವರ್ಷಕ್ಕೆ 'ಮಾಯಾಬಜಾರ್'ನ ಶಶಿರೇಖೆಯಾಗುವ ಸಾವಿತ್ರಿ. ಈಗಿನ ಪ್ರತಿಯಲ್ಲಿ ಹೆಸರು ಹೇಳಿದರೆ ಮಾತ್ರ ಗುರುತು ಸಿಗುತ್ತದೆ. ಒಳ್ಳೆ ಪ್ರಿಂಟ್ ಬಂದರೆ ಯಾರೂ ಹೇಳಬೇಕಾಗುವುದಿಲ್ಲ. ಹಾಗೆಯೇ ರೇಲಂಗಿ. ರಾಜನ ಬಾಮೈದನಾಗಿ ತಾವೇ ಹಾಡುತ್ತಾ ಕುಣಿಯುವಾಗ ಮುಖದಲ್ಲಿ ಏನೇನು ನಡೆಯುತ್ತದೆ ಅಂತ ನೋಡುವ ಆಸೆ ನನಗೆ. ಮಾಂತ್ರಿಕನ ಶಕ್ತಿಯೆಲ್ಲ ಗಡ್ಡದಲ್ಲಿ, ಶಿಷ್ಯನ ವೇಷ ಹಾಕಿದ ಅಂಜಿ ಉಪಾಯ ಮಾಡಿ ಆ ಗಡ್ಡ ಬೋಳಿಸುತ್ತಾನಲ್ಲ, ಆ ದೃಶ್ಯದಲ್ಲಿ ಜನ ನಗುವುದನ್ನು ಥಿಯೇಟರಿನಲ್ಲಿ ಕೂತು ಕೇಳಬೇಕು. ಫೋನಿನಲ್ಲಿ ಒಬ್ಬೊಬ್ಬರೇ ನಗುವುದು ಬೇರೆ.

ತಡ ಮಾಡಬೇಡಿ ಅನ್ನಲು ಕಾರಣವಿದೆ. 1951ರ ಕಾಲದ ಫಿಲ್ಮ್ ಅಂದರೆ ನೈಟ್ರೇಟ್ ಇರುವ ಸಂಭವ ಜಾಸ್ತಿ. ಬೇಗ ಕೊಳೆಯುತ್ತದೆ, ಬೆಂಕಿ ಹತ್ತಿದರೆ ಆರುವುದಿಲ್ಲ. 2003ರ ಜನವರಿಯಲ್ಲಿ ಪುಣೆಯಲ್ಲೇ ನೈಟ್ರೇಟ್ ರೀಲುಗಳಿದ್ದ ಕಡೆ ಬೆಂಕಿ ಬಿದ್ದು ಎಷ್ಟೋ ಚಿತ್ರಗಳು ಹೋದವು, ಅದು ನಿಮಗೆ ನಮಗಿಂತ ಚೆನ್ನಾಗಿ ನೆನಪಿರುತ್ತದೆ. ನಮ್ಮ ಮೊದಲ ಟಾಕಿ 'ಸತಿ ಸುಲೋಚನ' ಹೋಯಿತು. ತೆಲುಗರ ಮೊದಲ 'ಭಕ್ತ ಪ್ರಹ್ಲಾದ' ಹೋಯಿತು. ವಾಹಿನಿ ಸ್ಟುಡಿಯೋ ಇದ್ದ ಜಾಗದಲ್ಲಿ ಈಗ ಆಸ್ಪತ್ರೆ, ಮಾಲು ಬಂದಿವೆ. ಆ ಸೆಟ್ಟುಗಳನ್ನು ನೋಡಲು ಉಳಿದಿರುವ ಜಾಗ ಆ ಡಬ್ಬಗಳು ಮಾತ್ರ.

ಕೊನೆಗೆ ಪ್ರದರ್ಶನದ ವಿಷಯ. ಹೈದರಾಬಾದ್, ವಿಜಯವಾಡದಲ್ಲಿ ತೋರಿಸುತ್ತೀರಿ, ಸರಿ. ಬಳ್ಳಾರಿ, ಕೋಲಾರ, ಬಾಗೇಪಲ್ಲಿ, ಪಾವಗಡವನ್ನೂ ಪಟ್ಟಿಗೆ ಸೇರಿಸಿ. ತೆಲುಗು ಬಾರದ ಕನ್ನಡಿಗರಿಗೆ ಪರದೆಯ ಕೆಳಗೆ ಮಾತಿನ ಅರ್ಥವನ್ನು ಕನ್ನಡದಲ್ಲಿ ಹಾಕಿ. ಡಬ್ಬಿಂಗ್ ಬೇಡ, ರಂಗರಾವ್ ಅವರ ದನಿಯ ಜಾಗದಲ್ಲಿ ಇನ್ನೊಬ್ಬರನ್ನು ಕೂರಿಸಲು ಆಗುವುದಿಲ್ಲ. ಮೂರು ಗಂಟೆಗೂ ಮೀರಿದ ಚಿತ್ರ ಅಂತ ಕತ್ತರಿ ಹಾಕಬೇಡಿ, ಇಂಟರ್ವಲ್ ಬಿಟ್ಟರೆ ಆಯಿತು. ಶನಿವಾರ ಭಾನುವಾರ ಬೆಳಗಿನ ಆಟ, ಮಕ್ಕಳಿಗೆ ಅರ್ಧ ಟಿಕೆಟ್. ಇಲ್ಲಿ ಪ್ರಚಾರಕ್ಕೆ ನಿಮ್ಮ ಒಂದು ರೂಪಾಯಿಯೂ ಬೇಡ. ಆಟೋಗೆ ಮೈಕು ಕಟ್ಟಿ ಎರಡೂ ಭಾಷೆಯಲ್ಲಿ ಕೂಗಿಸುವ ಕೆಲಸ ನಮ್ಮದು.

ಇದಕ್ಕೆ ಕಾಗದದಲ್ಲೇ ಉತ್ತರ ಬರೆಯಬೇಕೆಂದೇನಿಲ್ಲ. 'ಪಾತಾಳ ಭೈರವಿ'ಯ ಯಾವ ಯಾವ ರೀಲು ನಿಮ್ಮಲ್ಲಿದೆ, ಯಾವುದು ನೆಗೆಟಿವ್, ಯಾವುದು ಪ್ರಿಂಟ್, ಎಷ್ಟು ಕೆಟ್ಟಿದೆ ಅನ್ನುವ ಒಂದು ಪುಟದ ಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಿ. ಕೆಲಸ ಅಲ್ಲಿಂದ ಶುರುವಾಗಲಿ.

ಇಂತಿ,
ಪಾವಗಡದ ಒಬ್ಬ ಪ್ರೇಕ್ಷಕ